ನನ್ನ ರಾಕ್ ರೆಕಾರ್ಡಿಗೆ ಸಿಕ್ಕ ಮರ್ಯಾದೆ

ತನಗೆ ಹಿಡಿಸಿದ್ದು ನಾಲ್ಕು ಜನರಿಗೂ ಹಿಡಿಸಲಿ ಎಂದು ಆಸೆಪಡುವವನಷ್ಟು ದಣಿದ ಪ್ರಾಣಿ ಲೋಕದಲ್ಲಿಲ್ಲ. ನಾನು ದಣಿದದ್ದು ಒಂದು ಗ್ರಾಮಫೋನ್ ರೆಕಾರ್ಡಿನಿಂದ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಗಲೆಲ್ಲ ಕಚೇರಿಯಲ್ಲಿ ಉರ್ದು ಕಡತಗಳನ್ನು ಕನ್ನಡಕ್ಕೆ ಇಳಿಸಿ ಇಳಿಸಿ, ಮನೆಗೆ ಬರುವ ಹೊತ್ತಿಗೆ ನನಗೆ ಎರಡೂ ಭಾಷೆ ಬೇಡವಾಗಿರುತ್ತಿದ್ದವು. ಅಂಥದರಲ್ಲಿ ಹೈದರಾಬಾದಿನ ಅಂಗಡಿಯೊಂದರಲ್ಲಿ ಅಮೆರಿಕದ ರಾಕ್ ಹಾಡು ಕೇಳಿದೆ. ಯಾವ ಭಾಷೆಗೂ ಇಳಿಸಬೇಕಾಗಿಲ್ಲದ ಆ ಗದ್ದಲ ಜೀವಕ್ಕೆ ಹಾಯೆನಿಸಿತು. ಕೊಂಡು ತಂದೆ. ನನ್ನ ಆಸೆ ದೊಡ್ಡದೇನಲ್ಲ. ಆ ಪುಟ್ಟ ಹಾಡನ್ನು ಒಬ್ಬರಾದರೂ ನನ್ನ ಜೊತೆ ಕೊನೆಯವರೆಗೆ ಕೂತು ಕೇಳಬೇಕು, ಅಷ್ಟೆ.

ಮೊದಲ ಪ್ರಯೋಗ ಹೆಂಡತಿಯ ಮೇಲೆ. ಹಾಡುಗಾರ ಒಂದು ಸಲ ಕೂಗಿದ್ದೇ ತಡ, "ಪಾಪ, ಚೇಳ ಕಡದದೇನ್ರಿ ಅವನಿಗಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಲೆಯ ಕಡೆ ನಡೆದಳು. ಗಾಂಧಿ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ಪಕ್ಕದ ಮನೆಯ ಶರಣಪ್ಪನವರು ಗೋಡೆಯಾಚೆಯಿಂದ ಇಣುಕಿದರು.

"ಇದು ಮೈಸೂರ ಸರ್ಕಾರದ ಹಾಡೇನ್ರಿ?"

"ಅಲ್ರಿ, ಅಮೆರಿಕದ್ದು."

"ಯಾವದರ ಇರ್ಲಿ. ನಿಜಾಮರ ಕಾಲದಾಗ ಹಿಂಗ ಒದರೋರು ಇರ್ಲಿಲ್ಲ ಬಿಡ್ರಿ."

ರಾಜ್ಯ ಬದಲಾದ ಪಾಪವೂ ನನ್ನ ರೆಕಾರ್ಡಿನ ತಲೆಗೇ ಬಂತು.

ಆಮೇಲೆ ಭಾಲ್ಕಿಯಲ್ಲಿ ಸೋದರಮಾವನ ಮಗಳ ಮದುವೆ ಬಂತು. ಮೈಕ್ ಸೆಟ್ಟಿನ ಖಾಜಾಮಿಯಾ ಅವರಿಗೆ ರೆಕಾರ್ಡು ಕೊಟ್ಟು, ಊಟದ ಹೊತ್ತಿಗೆ ಹಾಕಿರಿ ಎಂದೆ. ಊಟಕ್ಕೆ ಕೂತ ಜನ ಎದ್ದು ಎಲ್ಲಿ ಹೋಗುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಮೊದಲ ಪಂಕ್ತಿಯ ಹಿರಿಯರು ಉಂಡು ಮುಗಿದರೂ ಪತ್ರಾವಳಿಯ ಮುಂದೆಯೇ ಹಳೆಯ ಬೀಗತನಗಳ ಪುರಾಣ ಬಿಚ್ಚಿಕೊಂಡು ಕೂತಿದ್ದರು. ಹಸಿದ ಎರಡನೇ ಪಂಕ್ತಿ ಅವರ ಬೆನ್ನ ಹಿಂದೆಯೇ ನಿಂತಿತ್ತು. ಹಾಡು ಶುರುವಾಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಧೋತರ ಎತ್ತಿಕೊಂಡು ಒಟ್ಟಿಗೇ ಎದ್ದರು. ಹಾಡು ಮುಗಿಯುವುದರೊಳಗೆ ಎರಡನೇ ಪಂಕ್ತಿಗೆ ಪತ್ರಾವಳಿ ಬಿದ್ದಿದ್ದವು.

ನಾನು ಹಂದರದ ಕಂಬಕ್ಕೆ ಒರಗಿ ಕೂತುಬಿಟ್ಟೆ. ಖಾಜಾಮಿಯಾ ಮಾತ್ರ ರೆಕಾರ್ಡನ್ನು ಒರೆಸಿ ಕಣ್ಣಿಗೊತ್ತಿಕೊಂಡರು. "ಸಾಹೇಬರ, ಇದು ನನ್ನ ಬಲ್ಲಿ ಇರ್ಲಿರಿ. ಇಂಥಾ ಕೆಲಸದ ಹಾಡ ನಾ ನೋಡೇ ಇಲ್ಲ."

ಇಲ್ಲವೆನ್ನುವ ತ್ರಾಣವೂ ನನ್ನಲ್ಲಿರಲಿಲ್ಲ. ಆಮೇಲೆ ಔರಾದಿನಿಂದ ಕಮಠಾಣದವರೆಗೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಅಡುಗೆಯವರನ್ನು ಗೊತ್ತು ಮಾಡುವಾಗಲೇ ಮದುವೆ ಮನೆಯವರು ಖಾಜಾಮಿಯಾ ಅವರಿಗೂ ಹೇಳಿ ಕಳಿಸುತ್ತಿದ್ದರು: "ಆ ಎಬ್ಬಸೋ ಹಾಡ ಮರೀಬ್ಯಾಡ್ರಿ." ಆ ಹಾಡುಗಾರನಿಗೆ ತನ್ನ ಊರಿನಲ್ಲಾದರೂ ಇಷ್ಟು ಮದುವೆಗಳ ಕರೆ ಬಂದಿತ್ತೋ ಇಲ್ಲವೋ. ನನಗಂತೂ ಎರಡು ವರ್ಷ ಯಾವ ಮದುವೆಯಲ್ಲೂ ನೆಮ್ಮದಿಯ ಊಟ ಸಿಗಲಿಲ್ಲ.

ಕೊನೆಗೆ ಔರಾದಿನ ಒಂದು ಮದುವೆಯಲ್ಲಿ ಹಠ ತೊಟ್ಟೆ. ಯಾರು ಎದ್ದರೂ ನಾನು ಏಳುವುದಿಲ್ಲ, ನನ್ನ ಹಾಡಿಗೆ ನಾನೊಬ್ಬನಾದರೂ ಕೂತಿರುತ್ತೇನೆ ಎಂದುಕೊಂಡೆ. ಹುಗ್ಗಿಯನ್ನು ಎರಡನೇ ಸಲ ಹಾಕಿಸಿಕೊಂಡಿದ್ದೆ, ಮೇಲೆ ತುಪ್ಪವೂ ಬೀಳುತ್ತಿತ್ತು. ಅಷ್ಟರಲ್ಲಿ ಹಾಡು ಶುರುವಾಯಿತು. ಆಮೇಲೆ ನನಗೆ ಎಚ್ಚರವಾದದ್ದು ಕೈ ತೊಳೆಯುವ ನೀರಿನ ಹತ್ತಿರ. ತಿರುಗಿ ನೋಡಿದರೆ, ಉಳಿದವರೆಲ್ಲ ಇನ್ನೂ ಏಳುತ್ತಿದ್ದರು.