ಕೇಳಿದ್ದು ಒಂದೇ ವೋಟು

— ಬಾಗಿಲು ತಟ್ಟೋ.

— ತಡಿ, ತೆಗೀತಾರೆ.

— ನೀನು ಬಂದು ನಿಂತಿರೋದು ಒಳಗಿರೋರಿಗೆ ಹೇಗೆ ಗೊತ್ತಾಗ್ಬೇಕು?

ಸಾಹೇಬರು ಯೋಚನೆಗೆ ಬಿದ್ದರು. ಸರ್ಕಾರದ ದೊಡ್ಡ ದೊಡ್ಡ ಹುದ್ದೆಗಳಲ್ಲೇ ಕೂದಲು ನರೆತವರು. ಇಷ್ಟು ವರ್ಷ ಅವರೆದುರಿನ ಬಾಗಿಲುಗಳನ್ನೆಲ್ಲ ಜವಾನರೇ ತೆರೆದಿದ್ದರು. ನಿವೃತ್ತಿಯಾದ ಮೇಲೆ ಚುನಾವಣೆಗೆ ನಿಂತಿದ್ದಾರೆ. ಪಕ್ಷವಿಲ್ಲ, ಹಿಂಬಾಲಕರಿಲ್ಲ, ಒಂದೇ ಬೆಂಚಿನಲ್ಲಿ ಕೂತು ಓದಿದ ಮೇಷ್ಟ್ರು ಮಾತ್ರ ಜೊತೆಗಿದ್ದಾರೆ. ಗೆಳೆಯ ಗೆಲ್ಲುತ್ತಾನೆಂಬ ಭ್ರಮೆ ಮೇಷ್ಟ್ರಿಗಿರಲಿಲ್ಲ. ಜನ್ಮದಲ್ಲಿ ಒಂದು ಸಲವಾದರೂ ಅವನ ಬಾಯಿಂದ ‘ಕೊಡಿ’ ಎಂಬ ಮಾತು ಹೊರಡಿಸಬೇಕೆಂಬ ಹಟವಿತ್ತು, ಅಷ್ಟೇ.

— ಈ ಕ್ಷೇತ್ರದ ಗಡಿ ಎಳೆದವನೇ ನಾನು. ನನಗೆ ಗೊತ್ತಿಲ್ಲದ ಬೀದಿ ಇಲ್ಲಿಲ್ಲ.

— ನಕ್ಷೆ ವೋಟು ಹಾಕಲ್ಲ. ತಟ್ಟು.

ಬಾಗಿಲಿಗೆ ನೋವಾದೀತು ಎಂಬಂತೆ ಸಾಹೇಬರು ಬೆರಳ ತುದಿಯಿಂದ ತಟ್ಟಿದರು. ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಸಾಹೇಬರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

— ಏನಮ್ಮ ನಿಮ್ಮ ಸಮಸ್ಯೆ?

— ನಂದೇನೂ ಇಲ್ಲಪ್ಪ. ಬಾಗಿಲು ತಟ್ಟಿದ್ದು ನೀವು.

ಮೇಷ್ಟ್ರು ನಡುವೆ ಬಾಯಿ ಹಾಕಿ, ಇವರು ಅಭ್ಯರ್ಥಿ ಎಂದು ತಿಳಿಹೇಳಿದರು. ಅವಳು ಮನೆ ಮುಂದಿನ ತೆರೆದ ಚರಂಡಿ ತೋರಿಸಿದಳು. ನಿನ್ನೆ ಬಂದವರು ವಾರದಲ್ಲಿ ಮುಚ್ಚಿಸುವುದಾಗಿ ಮಾತು ಕೊಟ್ಟು ಹೋಗಿದ್ದರಂತೆ. ಇವರೇನು ಹೇಳುತ್ತಾರೆಂದು ಕೇಳಿದಳು.

— ವಾರದಲ್ಲಿ ಆಗೋ ಮಾತೇ ಅಲ್ಲ. ಟೆಂಡರ್ ಕರೆಯೋಕೇ ಮೂರು ತಿಂಗಳು ಬೇಕು.

ಮೇಷ್ಟ್ರು ಅವರ ಕಾಲು ತುಳಿದರು.

— ನಾಲ್ಕು, ಎಂದು ಸಾಹೇಬರು ತಿದ್ದಿಕೊಂಡರು.

ಬಾಗಿಲು ಮುಚ್ಚಿತು.

ಆ ಸಂಜೆ ಇನ್ನೂ ಹಲವು ಬಾಗಿಲುಗಳು ಹೀಗೇ ಮುಚ್ಚಿದವು. ದೊಡ್ಡ ರಸ್ತೆ ದಾಟಿ ತಮ್ಮ ಮನೆ ಸೇರುವಷ್ಟರಲ್ಲಿ ಮೇಷ್ಟ್ರಿಗೆ ರೇಗಿಹೋಗಿತ್ತು.

— ನಾನು ಒಳಗೆ ಹೋಗಿ ಬಾಗಿಲು ಹಾಕ್ಕೋತೀನಿ. ನೀನು ತಟ್ಟಿ ಕೇಳು. ಇಲ್ಲಾಂದ್ರೆ ನಾಳೆಯಿಂದ ನಾನು ಬರಲ್ಲ.

ಹಾಗೇ ಮಾಡಿದರು. ಹೊರಗೆ ಸದ್ದಿಲ್ಲ. ಹೊರಟೇಹೋದನೇನೋ ಎಂದುಕೊಳ್ಳುವಾಗ ಅದೇ ಬೆರಳ ತುದಿಯ ಸದ್ದು ಕೇಳಿತು. ತೆರೆದರೆ, ಸಾಹೇಬರು ಎರಡೂ ಕೈ ಎದೆಯೆದುರು ಜೋಡಿಸಿ ನಿಂತಿದ್ದರು.

— ಮೇಷ್ಟ್ರೇ, ದಯವಿಟ್ಟು ನಿಮ್ಮ ವೋಟು ನನಗೆ ಕೊಡಿ.

ಮೇಷ್ಟ್ರು ನಗಬೇಕೆಂದಿದ್ದರು, ಆಗಲಿಲ್ಲ.

— ಕೊಟ್ಟೆ, ಹೋಗೋ.

ಆ ದೊಡ್ಡ ರಸ್ತೆಯೇ ಕ್ಷೇತ್ರದ ಗಡಿ. ಮೇಷ್ಟ್ರ ವೋಟು ಪಕ್ಕದ ಕ್ಷೇತ್ರದಲ್ಲಿತ್ತು. ಅದನ್ನು ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಸಾಹೇಬರು ಠೇವಣಿ ಕಳೆದುಕೊಂಡ ದಿನವೂ ಹೇಳಲಿಲ್ಲ.

ಸಾಹೇಬರು ತೀರಿಕೊಳ್ಳುವ ಹಿಂದಿನ ದಿನ, ಆಸ್ಪತ್ರೆಯ ಮಂಚದ ಪಕ್ಕ ಮೇಷ್ಟ್ರು ಕೂತಿದ್ದರು.

— ನಿನ್ನ ವೋಟು ನನಗೇ ಹಾಕಿದ್ದು ತಾನೇ?

— ನಿನಗಲ್ಲದೆ ಇನ್ಯಾರಿಗೋ?

— ಸುಳ್ಳುಗಾರ. ನಿಮ್ಮ ಬೀದೀನ ಪಕ್ಕದ ಕ್ಷೇತ್ರಕ್ಕೆ ಸೇರಿಸಿದ್ದು ನಾನೇ.

— ಗೊತ್ತಿದ್ದೂ ಕೇಳಿದೆಯಾ?

— ಕೊಡೋಕಾಗದವನ ಹತ್ರ ಕೇಳೋದು ಸುಲಭ ಕಣೋ. ಇಲ್ಲ ಅಂದ್ರೂ ಅವಮಾನ ಇಲ್ಲ.

ಸಾಹೇಬರು ಬೆರಳ ತುದಿಯಿಂದ ಮೇಷ್ಟ್ರ ಕೈ ತಟ್ಟಿದರು.

— ನೀನು ‘ಕೊಟ್ಟೆ’ ಅಂದುಬಿಟ್ಟೆ ನೋಡು, ಅದೊಂದು ಮಾತ್ರ ನಿಯಮಬಾಹಿರ.