ರಾಮಕೃಷ್ಣಪ್ಪನವರು ಅಡಚಣೆ ತೆಗೆದದ್ದು

ಅಟ್ಟೂರಿನ ರಾಮಕೃಷ್ಣಪ್ಪನವರಿಗೆ ಸ್ವಂತ ಮನೆಯಲ್ಲಿ ಕೂರುವ ಹಕ್ಕು ಹೋದದ್ದು ಪಿತೃಪಕ್ಷದಲ್ಲಿ. ಸೊಸೆ ತೇಜಸ್ವಿನಿ ಹೆಬ್ಬಾಳದ ಕಡೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಸ್ಕ್ರಮ್ ಮಾಸ್ಟರ್. ಅಲ್ಲಿ ದಿನಾ ಬೆಳಿಗ್ಗೆ ತಂಡದವರೆಲ್ಲ ನಿಂತುಕೊಂಡೇ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡಚಣೆ ಎಂದು ಒಪ್ಪಿಸಬೇಕಂತೆ. ಮಾವನ ಕೂಗಾಟದಲ್ಲಿ ಪ್ರತಿ ವರ್ಷವೂ ಹಿರಿಯರಿಗೆ ಎಡೆ ಇಡುವಷ್ಟರಲ್ಲಿ ನಡುರಾತ್ರಿಯಾಗುತ್ತಿತ್ತು. ಬೇಸತ್ತ ಅವಳು ಆ ಪದ್ಧತಿಯನ್ನು ಮನೆಗೂ ತಂದಳು.

ಏನೇನು ಬೇಕು, ಯಾವುದು ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಪಟ್ಟ ಅತ್ತೆ ವೆಂಕಟಲಕ್ಷ್ಮಮ್ಮನವರಿಗೆ ಹೋಯಿತು. ರಾಮಕೃಷ್ಣಪ್ಪನವರ ಪಿತ್ತ ನೆತ್ತಿಗೇರಿತು.

"ಮನೆ ಖಾತೆ ನನ್ನ ಹೆಸರಲ್ಲೈತೆ, ಓನರ್ರು ಇವಳಾ? ಎಡೆ ಇಡೋದು ನಮ್ಮಪ್ಪನಿಗೆ ಕಣಮ್ಮ. ನಂಗೂ ಒಂದು ಪದವಿ ಬೇಕು."

"ಹಾಗಾದ್ರೆ ನನ್ನ ಕೆಲ್ಸ ನೀವೇ ತಗೊಳ್ಳಿ ಮಾವ. ಆದ್ರೆ ಸ್ಕ್ರಮ್ ಮಾಸ್ಟರ್ ಯಾರಿಗೂ ಆರ್ಡರ್ ಮಾಡೋ ಹಾಗಿಲ್ಲ. ಕೆಲಸಕ್ಕೆ ಅಡ್ಡ ಬರೋದನ್ನ ತೆಗೆದು ಹಾಕ್ಬೇಕು, ಅಷ್ಟೇ."

ಅಡ್ಡ ಬಂದದ್ದನ್ನು ತೆಗೆಯುವುದೇ ತಾನೇ. ಹುಟ್ಟಿದಾಗಿನಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದ ಕೆಲಸ. ಮೀಸೆ ತಿರುವಿ ಒಪ್ಪಿಕೊಂಡರು.

ಹಿರಿಯರ ಹಬ್ಬದ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಎಲ್ಲರೂ ನಿಂತರು. (ವೆಂಕಟಲಕ್ಷ್ಮಮ್ಮನವರಿಗೆ ಮಾತ್ರ ಸ್ಟೂಲು. ಓನರ್ ಅಲ್ಲವೇ.)

"ಯಾರಿಗೆ ಏನಡ್ಡ? ಹೇಳ್ರಿ, ಬುಡ ಸಮೇತ ಕಿತ್ತಾಕ್ತೀನಿ" ಎಂದರು ಮಾಸ್ಟರು.

ಮಗ ಉಮೇಶ್ ನೆಲ ನೋಡುತ್ತಾ, ಅಕ್ಬರ್ ಪಾಷಾ ಅಂಗಡಿಯಿಂದ ತಂದ ಮಾಂಸವನ್ನು ಮೂಳೆ ಜಾಸ್ತಿಯೆಂದು ಅಪ್ಪ ಆಗಲೇ ವಾಪಸ್ಸು ಕಳಿಸಿದ್ದಾರೆ ಎಂದ. ಕಜ್ಜಾಯ ಸುಡಲು ಬಂದ ಪಕ್ಕದ ಮನೆ ನಿಂಗವ್ವ, ಮಾವ ರೇಗಿದ್ದಕ್ಕೆ ಜಾಲರಿ ಬಿಸಾಕಿ ಹಿತ್ತಲಲ್ಲಿ ಕೂತಿದ್ದಾಳೆ ಎಂದಳು ತೇಜಸ್ವಿನಿ.

"ನಂಗೂ ಅದೇ ಅಡಚಣೆ, ಮದ್ವೆ ಆದಾಗ್ಲಿಂದ" ಎಂದರು ವೆಂಕಟಲಕ್ಷ್ಮಮ್ಮ.

ಮಾಸ್ಟರು ಮಾತು ಕೊಟ್ಟಾಗಿತ್ತು. ಪಂಚೆ ಎತ್ತಿ ಕಟ್ಟಿ, ತಮ್ಮನ್ನು ತಾವೇ ಬುಡ ಸಮೇತ ಕಿತ್ತುಕೊಂಡು, ಚಿಕ್ಕಜಾಲದ ತಂಗಿಯ ಮನೆಗೆ ಬಸ್ಸು ಹತ್ತಿದರು. ಅಲ್ಲಿಯೂ ಹಬ್ಬ. ತಂಗಿಯ ಗಂಡ ಚಿಕ್ಕಮುನಿಯಪ್ಪ ಆಗಲೇ ಜಗಲಿಗೆ ಗಡೀಪಾರಾಗಿದ್ದ. ಸರಿದು ಜಾಗ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಮರಳಿದರೆ, ಎಡೆ ಸಿದ್ಧ. ಇಷ್ಟು ಚೆನ್ನಾಗಿ ಅಡಚಣೆ ತೆಗೆದ ಮಾಸ್ಟರನ್ನು ಕಂಪನಿಯಲ್ಲೂ ನೋಡಿಲ್ಲವೆಂದು ಸೊಸೆ ಮನಸಾರೆ ಹೊಗಳಿದಳು. ರಾಮಕೃಷ್ಣಪ್ಪನವರು ಅಪ್ಪನ ಪಟಕ್ಕೆ ಕರ್ಪೂರ ಬೆಳಗುತ್ತಾ, "ನೋಡ್ದಾ ಅಪ್ಪ, ನನ್ನ ಗತಿ" ಎಂದು ಗೊಣಗಿದರು.

"ಅವ್ರಿಗೇನು ಹೇಳ್ತೀರ" ಎಂದರು ವೆಂಕಟಲಕ್ಷ್ಮಮ್ಮ. "ಹಬ್ಬ ಬಂದ್ರೆ ನಮ್ಮತ್ತೆ ಅವ್ರನ್ನೂ ಇಂಗೇ ತೋಟಕ್ಕೆ ಕಳಿಸೋರು, ತೆಂಗಿನ ಮರ ಎಣಿಸ್ಕೊಂಡು ಬನ್ನಿ ಅಂತ."

ಎಡೆಗೆ ಅಡ್ಡಬಿದ್ದ ರಾಮಕೃಷ್ಣಪ್ಪನವರು ಬೇಗ ಏಳಲಿಲ್ಲ. ಅಪ್ಪನಿಗಾದರೂ ಎಣಿಸಲು ತೋಟವಿತ್ತು. ಅದನ್ನು ಸೈಟು ಮಾಡಿ ಮಾರಿದವರು ತಾವೇ. ಮುಂದಿನ ತಿಂಗಳು ದೀಪಾವಳಿ. ಚಿಕ್ಕಜಾಲದ ಜಗಲಿಯೋ ಬಹಳ ಕಿರಿದು.