ಕೆಟರಿಂಗ್‌ಗೆ ಹೊರಟ ಕಹಳೆ

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಶುಕ್ರವಾರ ಸಂಜೆಯ ರೈಲು ಹತ್ತಿದ್ದರು. ಶನಿವಾರ ಬೆಳಿಗ್ಗೆ ಬಕ್ಸ್‌ಟನ್ನಿನ ಹಾಲಿನವನು ವಾರದ ನಂತರ ಮೊದಲ ಸಲ ಸಿಳ್ಳೆ ಹಾಕಿಕೊಂಡು ಬಂದ. ಎನಿಡ್ ಥ್ವೇಟ್‌ಳ ಮನೆ ಮುಂದೆ ಮಾತ್ರ ಸಿಳ್ಳೆ ನಿಲ್ಲಿಸಿ, ಮನೆ ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದ. ಎಂದಿನಂತೆ ಎರಡು ಬಾಟಲಿ ಇಟ್ಟು ಹೋಗಿದ್ದ. ಇನ್ನು ಮೇಲೆ ಒಂದು ಸಾಕು ಎಂದು ಕೂಗಿ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ತಿರುವು ದಾಟಿದ್ದ.

ಏಳು ಗಂಟೆಗೆ ಅಂಚೆಯವನು ಕಾಗದ ತಂದ. ಎನಿಡ್ ಅದನ್ನು ಒಡೆಯುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ಆಗ್ಡನ್ ತಲೆಗೂದಲಿಗೆ ಸುತ್ತಿದ ಸುರುಳಿಗಳ ಸಮೇತ ಬೇಲಿ ದಾಟಿ ಬಂದು, ಅವಳ ಭುಜದ ಮೇಲಿಂದ ಬಗ್ಗಿ, ತಾನೇ ಗಟ್ಟಿಯಾಗಿ ಓದತೊಡಗಿದಳು.

“ಪ್ರಿಯ ಶ್ರೀಮತಿ ಥ್ವೇಟ್, ನಾರ್ಮನ್ ತೀರಿಕೊಂಡ ಸುದ್ದಿ ಕೇಳಿ ನಮ್ಮ ವಾದ್ಯಮೇಳಕ್ಕೆ ಬಹಳ ದುಃಖವಾಗಿದೆ. ನಾಲ್ಕು ವರ್ಷದ ಹಿಂದೆ ಅವರು ಒಂದು ವಾರದ ಮಟ್ಟಿಗೆ ಒಯ್ದಿದ್ದ ದೊಡ್ಡ ಕಹಳೆಯನ್ನು ಈ ಶನಿವಾರ ಮಧ್ಯಾಹ್ನ ಮೂರಕ್ಕೆ ತಾವು ನಮ್ಮ ಕೈಗೆ ಒಪ್ಪಿಸಿದರೆ ಉಪಕಾರವಾಗುತ್ತದೆ. ಮೇಳದವರೆಲ್ಲ ಹಾಜರಿರುತ್ತೇವೆ. ಇಂತಿ, ಆರ್ಥರ್ ಗಾಟ್‌ಬಿ, ಕಾರ್ಯದರ್ಶಿ, ಕೆಟರಿಂಗ್.”

“ಎಲ್ಲರೂ ಹಾಜರಿರ್ತಾರಂತೆ!” ಎಂದಳು ಮಿಸೆಸ್ ಆಗ್ಡನ್. “ಮಾನ ಕಳೆಯೋಕೆ ಕಣೇ, ಇನ್ನೇನಕ್ಕೆ? ಇಪ್ಪತ್ತು ಜನ ಸಾಲಾಗಿ ನಿಂತ್ಕೊಂಡು ಕಾಯ್ತಾರೆ, ಮೂರು ಹೊಡೀತಿದ್ದಂಗೆ ‘ನೋಡಿದ್ರಾ, ಸತ್ತ ಮೇಲೂ ಕೊಡ್ಲಿಲ್ಲ’ ಅಂತಾರೆ. ಏಳೂ ಮುಕ್ಕಾಲಿನ ಬಸ್ಸಿದೆ. ಹೊರಡು, ಹೊರಡು.”

ಎನಿಡ್‌ಳ ಗಂಡ ನಾರ್ಮನ್ ಕೆಟ್ಟವನಲ್ಲ. ಯಾರ ವಸ್ತು ಕಂಡರೂ ಅವನಿಗೆ ಪ್ರೀತಿ, ಅಷ್ಟೇ. ಏಣಿ, ಕೊಡಲಿ, ಪಕ್ಕದ ಬೀದಿಯವರ ಬೆಕ್ಕು, ಎಲ್ಲ ಅವನ ಕೈ ಸೇರಿ ಮರೆತು ಹೋಗಿದ್ದವು. ಅಂತ್ಯಕ್ರಿಯೆಯ ದಿನ ಹ್ಯಾಮಿನ ತಟ್ಟೆ ಹಿಡಿದು ನಿಂತಿದ್ದ ಯಾರೋ “ಹೆಣದ ಪೆಟ್ಟಿಗೇನೂ ಇಸ್ಕೊಂಡು ಬಂದಿದ್ದೇ ಇರಬೇಕು” ಎಂದದ್ದು ಎನಿಡ್‌ಳ ಕಿವಿಗೆ ಬಿದ್ದಿತ್ತು. ಆ ಇಡೀ ವಾರದಲ್ಲಿ ಅವಳಿಗೆ ಸರಿಯಾಗಿ ಕೇಳಿಸಿದ ಮಾತು ಅದೊಂದೇ. ಒಂದೇ ಒಂದು ವಸ್ತುವಾದರೂ ಹೇಳಿದ ಹೊತ್ತಿಗೆ ಹಿಂದಕ್ಕೆ ಹೋಗಬೇಕು. ಅಷ್ಟಾದರೆ ಸಾಕು.

ಕಹಳೆ ನಡುಮನೆಯ ಮೂಲೆಯಲ್ಲಿತ್ತು. ನಾಲ್ಕು ವರ್ಷದಿಂದ ಅದರ ಬಾಯಿಗೆ ಕೊಡೆಗಳನ್ನು ಸಿಕ್ಕಿಸಿಡುತ್ತಿದ್ದರು. ಕೊಡೆ ತೆಗೆದು, ಬೂದು ಕಂಬಳಿ ಸುತ್ತಿ, ದಾರ ಕಟ್ಟಿ ಎತ್ತಿದಳು. ಹಠ ಹಿಡಿದ ಮೂರು ವರ್ಷದ ಮಗುವಿನಷ್ಟು ತೂಕವಿತ್ತು. ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆ ಜಾರುತ್ತಿತ್ತು.

ಬಸ್ಸಿನ ಹಿಂದಿನ ಸಾಮಾನು ಡಬ್ಬಿಯಲ್ಲಿ ಜಾಗವಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತಳು. ಎರಡೂಮುಕ್ಕಾಲು ಗಂಟೆಯ ನಂತರ, ಲಫ್‌ಬರೋ ದಾಟುವ ಮೊದಲು, ಬಸ್ಸು ಚಹಾಕ್ಕೆ ನಿಂತಿತು. “ಇಪ್ಪತ್ತು ನಿಮಿಷ! ಇಪ್ಪತ್ತೊಂದನೇ ನಿಮಿಷಕ್ಕೆ ನಾನು ಯಾರ ಸಂಬಂಧಿಕನೂ ಅಲ್ಲ!” ಎಂದು ಚಾಲಕ ಕೂಗಿದ.

ಚಹಾದಂಗಡಿಯ ಅಂಗಳದಲ್ಲಿ ಹನ್ನೊಂದು ಬಸ್ಸುಗಳು ನಿಂತಿದ್ದವು. ಹನ್ನೊಂದಕ್ಕೂ ಮೇಲೆ ಕೆನೆ ಬಣ್ಣ, ಕೆಳಗೆ ಹಸಿರು, ಒಂದೇ ಒಲೆಯಿಂದ ತೆಗೆದ ಬ್ರೆಡ್ಡುಗಳಂತೆ. ಎನಿಡ್ ಕಹಳೆಯನ್ನು ಬಿಟ್ಟಿಳಿಯಲಾರದೆ ಅದನ್ನೂ ಎತ್ತಿಕೊಂಡು ಹೆಂಗಸರ ಶೌಚಾಲಯದ ಸಾಲಿಗೆ ನಿಂತಳು. ಹದಿನೆಂಟು ನಿಮಿಷಕ್ಕೆ ಅವಳ ಸರದಿ ಬಂತು. ಬಾಗಿಲು ಕಿರಿದು. ಅವಳು ಒಳಗೆ ಹೋದರೆ ಕಹಳೆ ಹೊರಗೆ, ಕಹಳೆ ಒಳಗೆ ಹೋದರೆ ಅವಳು ಹೊರಗೆ. ಅಷ್ಟರಲ್ಲಿ ಅಂಗಳದ ತುಂಬ ಹಾರನ್ನುಗಳು ಶುರುವಾದವು. ಹೋದ ಕೆಲಸ ಹಾಗೇ ಬಿಟ್ಟು ಓಡಿದಳು. ಹ್ಯಾಟಿನ ಮುದುಕರೊಬ್ಬರು “ಕೊಡಿ ತಾಯಿ, ಕೊಡಿ” ಎಂದು ಗಂಟನ್ನು ಇಸಿದುಕೊಂಡು ಹತ್ತಿರದ ಬಸ್ಸಿಗೆ ಏರಿಸಿದರು. ಗಂಟಿನ ಹಿಂದೆ ಎನಿಡ್ ಏರಿದಳು. ಚಾಲಕ ತಲೆ ಎಣಿಸಿದ. ನಲವತ್ತೊಂದು. ಸರಿಯಾಗಿದೆ. ಬಸ್ಸು ಹೊರಟಿತು.

ಈ ದೇಶದಲ್ಲಿ ಅಪರಿಚಿತರು ಮೊದಲ ನಾಲ್ಕು ಮೈಲಿ ಮಾತಾಡುವುದಿಲ್ಲ. ಐದನೆಯ ಮೈಲಿಗೆ ಪಕ್ಕದ ಸೀಟಿನ ದಪ್ಪ ಹೆಂಗಸು ಕೆಮ್ಮಿದಳು.

“ತಪ್ಪು ತಿಳೀಬೇಡ ಕಣಮ್ಮಾ. ನೀನು ಕೂತಿರೋದು ನಮ್ಮ ಸಿರಿಲ್ ಜಾಗ.”

“ಸಿರಿಲ್ ಯಾರು?”

“ನಮ್ಮೆಜಮಾನ್ರು. ಬೆಡ್‌ಫರ್ಡಿಂದ ಚಹಾದಂಗಡೀವರೆಗೂ ಇಲ್ಲೇ ಕೂತಿದ್ರು.”

ಎನಿಡ್ ಕಿಟಕಿಯ ಹೊರಗೆ ನೋಡಿದಳು. ಗಾಜಿನ ತುಂಬ ಹಬೆ. “ಈ ಬಸ್ಸು ಕೆಟರಿಂಗ್‌ಗೆ ಹೋಗುತ್ತಲ್ವಾ?”

“ಕೆಟರಿಂಗಾ? ಬೆಳಿಗ್ಗೆ ಎಂಟಕ್ಕೇ ದಾಟ್ಕೊಂಡು ಬಂದ್ವಲ್ಲ! ಅಲ್ಲಿಗ್ಯಾಕೆ ಹೋಗ್ತಾರೆ ಯಾರಾದ್ರೂ?”

“ಮತ್ತೆ ಎಲ್ಲಿಗೆ ಹೋಗುತ್ತೆ?”

ಹಿಂದಿನ ಸೀಟು, ಮುಂದಿನ ಸೀಟು, ಆಚೆ ಸಾಲು, ಎಲ್ಲ ಕಡೆಯಿಂದ ನಗು ಎದ್ದಿತು. “ಅದು ಗೊತ್ತಿದ್ರೆ ಯಾಕೆ ಬರ್ತಿದ್ವಿ?” ಎಂದಳು ದಪ್ಪ ಹೆಂಗಸು. ಅವಳ ಹೆಸರು ಮಿಸೆಸ್ ಪಿಲ್‌ಬೀಮ್. “ಇದು ಗುಟ್ಟಿನ ಪ್ರವಾಸ! ಎಲ್ಲಿಗೆ ಅಂತ ಡ್ರೈವರ್ ಪರ್ಸಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.”

ಎನಿಡ್ ಗಂಟು ಎತ್ತಿಕೊಂಡು ಓಲಾಡುತ್ತ ಚಾಲಕನ ಬಳಿ ಹೋದಳು. “ಸ್ವಾಮಿ, ನಾನು ಬಸ್ಸು ತಪ್ಪಿ ಹತ್ತಿದ್ದೀನಿ. ನಿಲ್ಸಿ.”

“ಇಲ್ಲಿ ಇಳಿದ್ರೆ ಸೋಮವಾರದವರೆಗೆ ಬಸ್ಸಿಲ್ಲ ತಾಯಿ,” ಎಂದ ಪರ್ಸಿ. “ನಾನು ಹೋಗೋದೆಲ್ಲ ಸಂದಿಗೊಂದಿ ದಾರಿ. ಹೆದ್ದಾರಿಯಲ್ಲಿ ಹೋದ್ರೆ ಫಲಕ ನೋಡಿ ಊರು ಕಂಡುಹಿಡಿದುಬಿಡ್ತಾರೆ. ಹನ್ನೆರಡು ವರ್ಷದಿಂದ ನನ್ನ ಗುಟ್ಟು ಒಬ್ಬರೂ ಒಡೆದಿಲ್ಲ.”

“ಹೋಗ್ತಿರೋ ಊರಲ್ಲಾದ್ರೂ ಕೆಟರಿಂಗ್ ಬಸ್ಸು ಸಿಗುತ್ತಾ?”

“ಸಿಗುತ್ತೆ ಅಂದ್ರೂ ಗುಟ್ಟು ರಟ್ಟಾಗುತ್ತೆ, ಸಿಗಲ್ಲ ಅಂದ್ರೂ ರಟ್ಟಾಗುತ್ತೆ. ಹೋಗಿ ಕೂತ್ಕೊಳ್ಳಿ.”

ವಾಪಸು ಬಂದು ಕೂತಳು. “ಹಾಗಾದ್ರೆ ನಿಮ್ಮೆಜಮಾನ್ರು ನನ್ನ ಬಸ್ಸಲ್ಲಿದ್ದಾರೆ,” ಎಂದಳು. “ಕೆಟರಿಂಗ್‌ಗೆ ಹೋಗ್ತಿದ್ದಾರೆ.”

ಮಿಸೆಸ್ ಪಿಲ್‌ಬೀಮ್ ಆ ಸುದ್ದಿಯನ್ನು ಬಾಯಲ್ಲಿ ಮಿಠಾಯಿ ಹೊರಳಿಸುವಂತೆ ಸ್ವಲ್ಪ ಹೊತ್ತು ಹೊರಳಿಸಿದಳು. “ಪಾಪ, ಅಲ್ಲೂ ಒಂದು ಬಿಯರಿನಂಗಡಿ ಇದ್ದೇ ಇರುತ್ತೆ,” ಎಂದು ಶೂ ಬಿಚ್ಚಿ ಕಾಲು ಚಾಚಿದಳು. “ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಕಿಟಕಿ ಪಕ್ಕ ಕೂತೋರ ಮಾತು ಕೇಳದೆ ಪ್ರಯಾಣ ಮಾಡ್ತಿದ್ದೀನಿ. ಅದೇನಮ್ಮಾ ಗಂಟು?”

“ನಮ್ಮೆಜಮಾನ್ರು ಹೋದ ವಾರ ತೀರ್ಕೊಂಡ್ರು,” ಎಂದು ಎನಿಡ್ ಶುರು ಮಾಡಿದಳು. “ಇದನ್ನ ಮೂರು ಗಂಟೆಗೆ ಕೆಟರಿಂಗಲ್ಲಿ...” ಅಷ್ಟರಲ್ಲಿ ಗಂಟು ಜಾರಿತು, ಮಾತು ಬಿಟ್ಟು ಅದನ್ನು ಎದೆಗೆಳೆದುಕೊಂಡಳು. ಕಪ್ಪು ಕೋಟು, ತಬ್ಬಿ ಹಿಡಿದ ಬೂದು ಗಂಟು. ಮಿಸೆಸ್ ಪಿಲ್‌ಬೀಮ್ ಎರಡನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

“ದೊಡ್ಡ ಆಳೇ ಇದ್ದಿರಬೇಕು,” ಎಂದಳು ಮೆಲ್ಲಗೆ.

“ಇಲ್ಲ. ಸಾಧಾರಣ ಎತ್ತರ.”

ಸುದ್ದಿ ಸೀಟಿನಿಂದ ಸೀಟಿಗೆ ಹೋಯಿತು. ಹಿಂದಿನ ಸೀಟಿನವರು ಹಾಡುತ್ತಿದ್ದ ಹಾಡು ನಿಂತಿತು. ಗಂಡಸರು ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡರು. ಯಾರೋ ತಮ್ಮ ಸ್ಯಾಂಡ್‌ವಿಚ್ಚಿನ ಅರ್ಧ ಕಳಿಸಿದರು. ಸುದ್ದಿ ಪರ್ಸಿಯನ್ನು ಮುಟ್ಟಿದ ಕೂಡಲೇ ಬಸ್ಸು ಆಮೆಯಾಯಿತು. ಒಂದು ಸೈಕಲ್ಲು ಅದನ್ನು ಹಿಂದೆ ಹಾಕಿತು. ಆಮೇಲೆ ನಾಯಿ ಹಿಡಿದುಕೊಂಡ ಅಜ್ಜಿಯೊಬ್ಬಳು.

ಎನಿಡ್ ಗಡಿಯಾರ ನೋಡಿದಳು. ಹನ್ನೆರಡು. ಗಂಟಿನೊಂದಿಗೆ ಮತ್ತೆ ಎದ್ದು ಹೋದಳು. “ಸ್ವಲ್ಪ ಬೇಗ ಓಡಿಸ್ತೀರಾ?”

“ನಾನು ಮೊದಲು ಶವದ ಗಾಡಿ ಓಡಿಸ್ತಿದ್ದೋನು ತಾಯಿ,” ಎಂದ ಪರ್ಸಿ, ಕನ್ನಡಿಯಲ್ಲಿ ಗಂಟಿಗೆ ತಲೆಬಾಗಿಸಿ. “ಇಂಥವರು ಜೊತೆಗಿದ್ದಾಗ ಗಂಟೆಗೆ ಹನ್ನೆರಡು ಮೈಲಿ ಮೀರೋದು ಮರ್ಯಾದೆಯಲ್ಲ.”

“ಇಂಥವರು ಅಂದ್ರೆ?”

“ಎಲ್ಲಿಗೆ ಅಂತ ನಾನು ಹೇಳೋ ಹಾಗಿಲ್ಲ. ಆದ್ರೂ ಒಂದು ಮಾತು.” ಅವನು ದನಿ ತಗ್ಗಿಸಿದ. “ಅವರಿಗೆ ಅಲ್ಲಿ ಹಿಡಿಸುತ್ತೆ. ಹೂವಿನ ಪಾತಿ ಇದೆ, ಕೊಳ ಇದೆ. ಗಾಳಿ ಬೀಸಿದಾಗ ಬಿಚ್ಚಿ ಬೂದಿ ಚೆಲ್ಲಿಬಿಡಿ.”

ಆಗ ಎನಿಡ್‌ಗೆ ಅರ್ಥವಾಯಿತು. “ಇದು ಅವರಲ್ಲ!” ಎಂದು ಕೂಗಿದಳು. ಅದೇ ಗಳಿಗೆಗೆ ರಸ್ತೆ ಗಕ್ಕನೆ ತಿರುಗಿತು. ಗಂಟು ತೋಳಿನಿಂದ ಜಾರಿ ನಡುದಾರಿಯಲ್ಲಿ ಉರುಳುತ್ತ ಹಿಂದಿನ ಸೀಟಿನವರೆಗೆ ಹೋಯಿತು. ಹೆಂಗಸರು ಕಿರುಚಿ ಕಾಲು ಮೇಲೆತ್ತಿಕೊಂಡರು. ದಾರ ಕಿತ್ತು ಕಂಬಳಿ ಬಿಚ್ಚಿತು. ಕಹಳೆ ಬಾಯಿ ಅಗಲಿಸಿ ಮಲಗಿತ್ತು.

ಎಲ್ಲರೂ ನೋಡಿದರು.

“ಅಯ್ಯೋ,” ಎಂದರು ಹ್ಯಾಟಿನ ಮುದುಕರು. “ಹಿತ್ತಾಳೆ ಆಗ್ಬಿಟ್ಟಿದ್ದಾರೆ.”

ಎನಿಡ್ ನಡುದಾರಿಯಲ್ಲಿ ನಿಂತು ಮೊದಲಿನಿಂದ ಎಲ್ಲ ಹೇಳಿದಳು. ನಾರ್ಮನ್, ಒಂದು ವಾರ, ನಾಲ್ಕು ವರ್ಷ, ಮೂರು ಗಂಟೆ. “ಮೂರರೊಳಗೆ ತಲುಪಿಸದಿದ್ರೆ ಅವರ ಹೆಸರು ಅಲ್ಲಿಗೆ ಮುಗೀತು,” ಎಂದಳು. ಗಂಡ ಹೋದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದು.

ಬಸ್ಸಿನವರು ಒಳ್ಳೆಯವರು. ಕೂಡಲೇ ಸಭೆ ಸೇರಿತು. ಕೆಟರಿಂಗ್‌ಗೆ ತಿರುಗುವುದೋ ಬೇಡವೋ ಎಂದು ಕೈ ಎತ್ತಿಸಿದರು. ತಿರುಗುವುದಕ್ಕೆ ಒಂದು ಕೈ, ಎನಿಡ್‌ಳದು. ಬೇಡವೆಂದು ಮೂವತ್ತೊಂಬತ್ತು. ಮಿಸೆಸ್ ಪಿಲ್‌ಬೀಮ್ ತಟಸ್ಥಳಾಗಿ ಉಳಿದಳು. ಕೆಟರಿಂಗಿನಲ್ಲಿ ಸಿರಿಲ್ ಇದ್ದಾನೆಂದು ಆಮೇಲೆ ನೆನಪಾಗಿ ಬೇಡ ಎಂದೇ ಕೈ ಎತ್ತಿದಳು.

“ಬೇಜಾರು ಮಾಡ್ಕೋಬೇಡ ಮಗಳೇ,” ಎಂದರು ಹ್ಯಾಟಿನ ಮುದುಕರು. “ಈ ಗುಟ್ಟಿಗೋಸ್ಕರ ಈಸ್ಟರಿನಿಂದ ಕಾಯ್ತಿದ್ದೀವಿ. ಇದನ್ನ ಒಂದ್ಸಲ ಊದಲಾ?”

ಉತ್ತರಕ್ಕೆ ಕಾಯದೆ ಊದಿದರು. ಅದು ಹೆರಿಗೆ ನೋವಿನ ಹಸುವಿನ ದನಿ. ಬೇಲಿಯಾಚೆ ಮೇಯುತ್ತಿದ್ದ ಇನ್ನೂರು ಕುರಿ ಬೇಲಿಯ ಸಂದಿನಿಂದ ನುಗ್ಗಿ ರಸ್ತೆಯ ಮೇಲೆ ಬಂದು, ಬಸ್ಸಿನ ಸುತ್ತ ನೆರೆದು, ಕಹಳೆಗೆ ಉತ್ತರ ಕೊಡತೊಡಗಿದವು. ಅವುಗಳನ್ನು ಒಳಗೆ ಅಟ್ಟುವುದಕ್ಕೆ ಒಂದು ಗಂಟೆ ಹಿಡಿಯಿತು. ಪರ್ಸಿ ಎರಡು ಸಲ ಒಂದೇ ಕುರಿಯನ್ನು ಅಟ್ಟಿದ. ಎನಿಡ್ ಮಳೆಯ ತುಂತುರಿನಲ್ಲಿ ನಿಂತು, ಒಂದು ಕುರಿಯ ಕಿವಿ ಹಿಡಿದು, ಅದರ ಮುಖ ನೋಡಿ ಇದ್ದಕ್ಕಿದ್ದಂತೆ ನಕ್ಕಳು. ನಕ್ಕದ್ದಕ್ಕೆ ಗಾಬರಿಯಾಗಿ ಕಿವಿ ಬಿಟ್ಟುಬಿಟ್ಟಳು.

ಮತ್ತೆ ಹೊರಟಾಗ ಒಂದೂವರೆ ಗಂಟೆ. ಸತ್ತವರು ಯಾರೂ ಜೊತೆಗಿಲ್ಲವೆಂದು ಖಚಿತವಾದ್ದರಿಂದ ಪರ್ಸಿ ಈಗ ದೆವ್ವ ಹೊಕ್ಕವನಂತೆ ಓಡಿಸಿದ. ಮಂಜು ಇಳಿದಿತ್ತು. ಬಸ್ಸು ಏರಿತು, ಇಳಿಯಿತು, ಯಾರದೋ ಹಟ್ಟಿಯ ಅಂಗಳದಲ್ಲಿ ಸುತ್ತು ಹಾಕಿತು. ಎನಿಡ್ ಗಡಿಯಾರ ನೋಡುವುದನ್ನು ಬಿಟ್ಟಳು. ಕೆಟರಿಂಗಿನಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು ಬಾಗಿಲು ನೋಡುತ್ತಿರುತ್ತಾರೆ. ನೋಡಲಿ.

“ಮಹನೀಯರೇ, ಮಹಿಳೆಯರೇ!” ಎಂದು ಪರ್ಸಿ ಬ್ರೇಕು ಹಾಕಿದ. “ಬಂದೇಬಿಟ್ವಿ! ಯಾವೂರು, ಹೇಳಿ ನೋಡೋಣ!”

“ಸ್ಕೆಗ್ನೆಸ್!” “ಲಿಂಕನ್!” “ವೇಲ್ಸು!” ಎಂದು ಎಲ್ಲರೂ ಗಾಜು ಒರೆಸಿದರು. ಎನಿಡ್ ಕೂಡ ಕೋಟಿನ ತೋಳಿನಿಂದ ಒರೆಸಿದಳು. ಎದುರಿಗೆ ಅವಳು ಮಾಂಸ ಕೊಳ್ಳುವ ಕಸಾಯಿಯ ಅಂಗಡಿ. ಅದರ ಪಕ್ಕ ಅವಳ ಬೀದಿ. ಬೀದಿಯ ಕೊನೆಯಲ್ಲಿ ಅವಳ ಮನೆಯ ಬಾಗಿಲು, ಬಾಗಿಲಲ್ಲಿ ಹಾಲಿನ ಎರಡು ಬಾಟಲಿ.

“ಬಕ್ಸ್‌ಟನ್,” ಎಂದಳು.

“ಶಭಾಷ್!” ಎಂದ ಪರ್ಸಿ, ಸ್ವಲ್ಪ ನೊಂದುಕೊಂಡು. “ಹನ್ನೆರಡು ವರ್ಷದಲ್ಲಿ ಮೊದಲನೆಯವರು ನೀವು.” ಗೆದ್ದವರಿಗೆಂದು ಇಟ್ಟಿದ್ದ ಟಾಫಿ ಡಬ್ಬಿಯನ್ನು ಅವಳ ಕಂಕುಳಿಗೆ ಸಿಕ್ಕಿಸಿದ. ಈಗ ಹೊರುವುದಕ್ಕೆ ಎರಡಾಯಿತು.

ನಲವತ್ತು ಜನರ ಹಿಂದೆ ಅವಳೂ ಪಾರ್ಕಿನ ಕಡೆ ನಡೆದಳು. ಮನೆಗೆ ಹೋಗಿ ಮಾಡುವುದೇನಿತ್ತು? ವಾದ್ಯಮಂಟಪದಲ್ಲಿ ಕೆಂಪು ಕೋಟಿನ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ಮೀಸೆಯ ಹಿರಿಯರೊಬ್ಬರು ಮೆಟ್ಟಿಲಿಳಿದು ಓಡಿ ಬಂದರು.

“ಶ್ರೀಮತಿ ಥ್ವೇಟ್ ಅಲ್ವಾ? ನಾನು ಗಾಟ್‌ಬಿ. ಕೆಟರಿಂಗ್. ಅಬ್ಬಾ, ಎಲ್ಲಿ ಹೋಗಿದ್ರಿ? ಎರಡೂವರೆಯಿಂದ ನಿಮ್ಮ ಬಾಗಿಲು ಬಡಿದು ಬಡಿದು ಸಾಕಾಯ್ತು!”

“ನಿಮ್ಮೂರಿಗೆ ಹೋಗಿದ್ದೆ,” ಎಂದಳು ಎನಿಡ್.

“ಛೆ ಛೆ, ದುಃಖದಲ್ಲಿರೋರನ್ನ ಅಷ್ಟು ದೂರ ಓಡಾಡಿಸ್ತೀವಾ? ಅದಕ್ಕೇ ಮೇಳಾನೇ ಇಲ್ಲಿಗೆ ಕರ್ಕೊಂಡು ಬಂದಿದ್ದೀವಿ.”

“ಕಾಗದದಲ್ಲಿ ಬರೀಬಹುದಿತ್ತಲ್ಲ?”

“ಬರೆದ್ರೆ ಗುಟ್ಟು ಎಲ್ಲಿ ಉಳಿಯುತ್ತೆ ತಾಯಿ?” ಗಾಟ್‌ಬಿಯವರ ಮೀಸೆ ನಡುಗಿತು. “ಸಮಿತಿ ಕೂತು ತೀರ್ಮಾನ ಮಾಡಿದ್ದೀವಿ. ನಾರ್ಮನ್ ಊದಿದ ಕಹಳೆಯನ್ನ ಇನ್ನೊಬ್ಬರು ಊದಬಾರದು. ಅವನ ನೆನಪಿಗೆ ನಿಮ್ಮ ಮನೆಯಲ್ಲೇ ಇರಲಿ. ಶಾಶ್ವತವಾಗಿ.”

ಮೂರು ಹೊಡೆಯಿತು. ಬೆಡ್‌ಫರ್ಡಿನ ನಲವತ್ತು ಜನ ಚಪ್ಪಾಳೆ ತಟ್ಟಿದರು. ಮಿಸೆಸ್ ಪಿಲ್‌ಬೀಮ್ ಬಿಕ್ಕಿ ಬಿಕ್ಕಿ ಅತ್ತಳು. ಮೇಳದವನೊಬ್ಬ ನಾರ್ಮನ್‌ನ ಹೆಸರು ಕೆತ್ತಿದ ಫಲಕ, ಎರಡು ತಿರುಪುಮೊಳೆ, ಒಂದು ಸ್ಕ್ರೂಡ್ರೈವರ್ ಹಿಡಿದು ಹೆಜ್ಜೆ ಮುಂದಿಟ್ಟ.

“ಹಾಗಾದ್ರೆ ನಾನಿದನ್ನ ಮನೆಗೆ ಹೊತ್ಕೊಂಡು ಹೋಗ್ಲಾ?” ಎಂದು ಎನಿಡ್ ಕೇಳಿದಳು.

“ಆಮೇಲೆ, ಆಮೇಲೆ! ಮೊದಲು ಅದು ನಮ್ಮ ಕೈಗೆ ವಾಪಸು ಬರಬೇಕು. ನಮ್ಮ ಹತ್ರ ಇಲ್ಲದ್ದನ್ನ ನಾವು ಹೇಗೆ ಕೊಡೋದು? ಒಂದೇ ನಿಮಿಷ, ಕೊಟ್ಟುಬಿಡ್ತೀವಿ.”

ಎನಿಡ್ ಟಾಫಿ ಡಬ್ಬಿಯನ್ನು ಹುಲ್ಲಿನ ಮೇಲಿಟ್ಟಳು. ಕಂಬಳಿ ಸರಿಸಿ, ಎಲ್ಲರೂ ನೋಡುತ್ತಿರುವಂತೆ ಎರಡೂ ಕೈ ಮುಂದೆ ಚಾಚಿ, ನಾರ್ಮನ್ ಒಂದು ವಾರಕ್ಕೆಂದು ತಂದದ್ದನ್ನು ಹಿಂದಕ್ಕೆ ಕೊಟ್ಟಳು.